ಬಳಿ ತೊಡಿಸಿ ಪಿಸ್ತೂಲು ಕೊಟ್ಟ ಕಾಕಾ

ಪಿಸ್ತೂಲು ಕೊಳ್ಳಲು ಬಂದ ಗಂಡಸರ ಕೈಗೆ ಶಿವಪುತ್ರ ಕಾಕಾ ಮೊದಲು ಹಸಿರು ಗಾಜಿನ ಬಳಿ ತೊಡಿಸುತ್ತಿದ್ದ. ಸುಳ್ಳಲ್ಲ, ಬೈಲಹೊಂಗಲದ ಬಜಾರದಲ್ಲಿ ನಿಂತು ಕಣ್ಣಾರೆ ನೋಡಿದ್ದೇನೆ. ಮೀಸೆ ತಿರುವುತ್ತ ಒಳಗೆ ಬಂದ ಗೌಡರು ಎರಡೇ ನಿಮಿಷದಲ್ಲಿ ಮದುಮಗಳ ಹಾಗೆ ಮುಂಗೈ ಚಾಚಿ ಕೂತಿರುತ್ತಿದ್ದರು.

ಕಾಕಾ ಹುಟ್ಟಿದ್ದು ಬಳೆಗಾರರ ಮನೆಯಲ್ಲಿ, ಅಳಿಯನಾಗಿ ಹೋದದ್ದು ಬಂದೂಕಿನ ಅಂಗಡಿಗೆ. ಮಾವನ ನಂತರ ಅಂಗಡಿಯ ಲೈಸನ್ಸು ಅವನ ಹೆಸರಿಗಾಯಿತು. ಬಳಿ ವ್ಯಾಪಾರವನ್ನು ಹೆಂಡತಿ ಗೌರಾ ಕಾಕು ಹಿಡಿದಳು. ಎರಡೂ ಅಂಗಡಿಗೆ ನಡುವೆ ಒಂದೇ ಗೋಡೆ, ಗೋಡೆಯಲ್ಲಿ ಕೈ ತೂರುವಷ್ಟು ಕಿಂಡಿ. ಗಿರಾಕಿಯ ಬೆರಳ ಗಂಟುಗಳನ್ನು ಒತ್ತಿ ನೋಡಿ ಕಾಕಾ ಗೋಡೆಯ ಕಡೆ ಕೂಗುತ್ತಿದ್ದ: "ಗೌರಾ, ಎರಡ-ಆರು ಕೊಡ!" ಕಿಂಡಿಯಿಂದ ಬಳಿ ಹಿಡಿದ ಕೈಯೊಂದು ಕಿಣಿಕಿಣಿ ಎನ್ನುತ್ತ ಈಚೆ ಬರುತ್ತಿತ್ತು. ಮುಖ ಕಾಣುತ್ತಿರಲಿಲ್ಲ.

ಎರಡ-ನಾಕು ಸಣ್ಣ ಕೈ, ಎರಡ-ಆರು ನಡುವಿನದು, ಎರಡ-ಎಂಟು ದೊಡ್ಡದು. ಹೆಂಗಸರ ಬಳೆಯ ಈ ಅಳತೆಯೇ ಕಾಕಾನಿಗೆ ಪಿಸ್ತೂಲಿನ ಅಳತೆ.

ದೇಗಾಂವದ ಕಡೆಯಿಂದ ಬಂದ ಸಾಹುಕಾರರೊಬ್ಬರು, "ಇದ್ದದ್ದರಾಗ ದೊಡ್ಡದು ತಗೀರಿ" ಎಂದು ಗುಡುಗಿದರು. ಎರಡ-ನಾಕರ ಬಳಿ ಅವರ ಕೈಗೆ ಬೆಣ್ಣೆ ಹಚ್ಚಿದ ಹಾಗೆ ಇಳಿಯಿತು.

"ಸಾವಕಾರ್ರ, ಮೀಶಿ ದೊಡ್ಡದೈತ್ರಿ, ಕೈ ಸಣ್ಣದೈತ್ರಿ. ಪಿಸ್ತೂಲು ಮೀಶೀಲೆ ಹಿಡೀತೀರೇನ್ರಿ?"

ಬೇರೆ ಯಾರಾದರೂ ಹೀಗಂದಿದ್ದರೆ ಅಲ್ಲೇ ಜಗಳವಾಗುತ್ತಿತ್ತು. ಕಾಕಾನ ದನಿಯಲ್ಲಿ ಬಳೆಗಾರರ ಒಂದು ರಮಿಸುವ ರಾಗವಿತ್ತು. ಸಾಹುಕಾರರು ನಕ್ಕು, ಕೈಗೆ ಒಪ್ಪುವುದನ್ನೇ ಒಯ್ದರು.

"ಯಾವ ಪಿಸ್ತೂಲಿಗರ ನೋಡ, ಒಂದ ಬಾಯಿ, ಒಂದ ಮೈ ಇರತೈತಿ" ಎನ್ನುತ್ತಿದ್ದ ಕಾಕಾ. ಬಾಯಿ ಎಂದರೆ ನಳಿಗೆಯ ಬೋರು, ಮೈ ಎಂದರೆ ಫ್ರೇಮು. "ಮೈ ಕೈಗಿ ಒಪ್ಪಬೇಕು, ಬಾಯಿ ಮಣಿಕಟ್ಟಿಗಿ ಒಪ್ಪಬೇಕು. ಬಾಯಿ ದೊಡ್ಡದಾಗಿ ಮೈ ಸಣ್ಣದಾತು ಅಂದ್ರ, ಅದು ಎದರಿಗಿದ್ದವನ್ನ ಬಿಟ್ಟು ಹಿಡದವನ್ನಽ ಒದೀತೈತಿ."

ಊರವರ ದನಿ, ನಡಿಗೆ ಕದ್ದು ಚಹಾದಂಗಡಿಯಲ್ಲಿ ಆಡಿ ತೋರಿಸುವುದು ನನ್ನ ಉದ್ಯೋಗ. ಸಂಬಳವಿಲ್ಲ, ರಜೆಯೂ ಇಲ್ಲ. ಒಂದು ದಿನ ನಾನೂ ಕೈ ಚಾಚಿ, "ಕಾಕಾ, ನನಗ ಯಾವದು?" ಎಂದೆ. ಎರಡ-ನಾಕು ನನ್ನ ಕೈಗೆ ಸರ್ರನೆ ಇಳಿದದ್ದಷ್ಟೇ ಅಲ್ಲ, ಸರ್ರನೆ ಕೆಳಗೂ ಬಿತ್ತು.

"ನಿಂದು ಬಾಯಿ ದೊಡ್ಡದು, ಮೈ ಸಣ್ಣದು. ನಿನ್ನಂಥಾ ಪಿಸ್ತೂಲು ನಾ ಯಾರಿಗೂ ಮಾರೂದಿಲ್ಲೋ ತಮ್ಮಾ!"

ಗೋಡೆಯ ಆಚೆ ಕಾಕು ನಕ್ಕದ್ದು ಕೇಳಿಸಿತು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. ಬೇರೆ ದಾರಿ ಇರಲಿಲ್ಲ.

ಅದೇ ಅಂಗಡಿಗೆ ಮುಂದೆ ನನ್ನ ನೀಲಾ ಅತ್ತಿಯನ್ನು ಕರೆದೊಯ್ಯುವ ಪ್ರಸಂಗ ಬಂತು. ಅತ್ತಿ ನಮ್ಮ ಅಪ್ಪನ ತಂಗಿ. ಗಂಡ ತೀರಿದ ಮೇಲೂ ಸಿರಸಂಗಿಯ ಹತ್ತಿರದ ತೋಟದ ಮನೆಯಲ್ಲೇ ಇದ್ದು, ಕಬ್ಬು, ಗೋವಿನಜೋಳ ತಾನೇ ಮಾಡಿಸುತ್ತಿದ್ದಳು. ಮೋಟಾರಿನ ಕೇಬಲ್ ಕದಿಯುವವರು ಎರಡು ಸಲ ಬಂದರು. ಎರಡನೇ ಸಲ ಅವಳ ಬಾಗಿಲನ್ನೂ ಒದ್ದು ಹೋದರು. ಅತ್ತಿ ಅರ್ಜಿ ಹಾಕಿ, ಓಡಾಡಿ, ಲೈಸನ್ಸು ಪಡೆದಳು. ಅವಳ ಭಾವ, ಸವದತ್ತಿಯ ಮಲ್ಲಪ್ಪ ಮಾವ, ಕೆಟ್ಟವನಲ್ಲ, ಹೆದರಿದವ. "ನಿನ್ನ ಕೈಲಿ ಆಗೂದಿಲ್ಲವಾ. ತ್ವಾಟದ ಮನಿಗಿ ಕೀಲಿ ಹಾಕು, ಸವದತ್ತಿಗಿ ನಡಿ" ಎಂದು ಒಂದೇ ಹಟ. ಕಡೆಗೆ ಒಂದು ಕರಾರಾಯಿತು: ತರಬೇತಿಯ ರೇಂಜಿನಲ್ಲಿ ಆರು ಗುಂಡಿಗೆ ಮೂರು ಬೋರ್ಡಿಗೆ ಬಿದ್ದರೆ ಅತ್ತಿ ತೋಟದಲ್ಲಿ, ಬೀಳದಿದ್ದರೆ ಸವದತ್ತಿಯಲ್ಲಿ.

ಅಂಗಡಿಗೆ ಮಾವನೂ ಬಂದ. "ಹೆಣ್ಮಗಳ್ರಿ, ಹಗೂರಂದು ಕೊಡ್ರಿ, ನಂದರಂಥಾದ್ದು" ಎಂದು ತನ್ನ ಲೈಸನ್ಸಿನ ಕಿಸೆ-ಪಿಸ್ತೂಲಿನ ಗುಣಗಾನ ಸುರುಮಾಡಿದ. ಕಾಕಾ ಕೇಳಿಸಿಕೊಂಡಂತೆ ತಲೆದೂಗಿ, ಅತ್ತಿಯ ಕೈ ಹಿಡಿದು ಗಂಟು ಒತ್ತಿದ. ಹುಬ್ಬು ಮೇಲೇರಿತು.

"ಗೌರಾ, ಎರಡ-ಎಂಟು ಕೊಡ!"

ಮಾವ ಎದ್ದೇ ನಿಂತ. "ಏನ್ ಮಾಡಾಕತ್ತೀರಿ? ಗಂಡ ಸತ್ತಾಕಿಗಿ ಬಳಿ ತೊಡಸ್ತೀರೇನ?"

"ತೊಡಸಾಕತ್ತಿಲ್ರಿ, ಅಳೀಯಾಕತ್ತೇನಿ" ಎಂದ ಕಾಕಾ, ತಲೆ ಎತ್ತದೆ.

ಎರಡ-ಎಂಟೂ ಸುಲಭಕ್ಕೆ ಏರಲಿಲ್ಲ. ರೊಟ್ಟಿ ಬಡಿದ, ಕುಡಗೋಲು ಹಿಡಿದ ಕೈ! ಏರಿತೋ, ಇಳಿಯಲು ಒಲ್ಲೆ ಎಂದಿತು. ಕಾಕಾ ಒತ್ತಿದ, ತಿರುವಿದ, ಬೆವೆತ. ಅತ್ತಿ ಮುಂಗೈಯನ್ನೇ ನೋಡುತ್ತಿದ್ದವಳು ಮೆಲ್ಲಗೆ ಕೈ ಎಳೆದುಕೊಂಡು, "ಇರಲಿ ಬಿಡ್ರಿ" ಎಂದಳು.

ಆಮೇಲೆ ಮಣಿಕಟ್ಟಿನ ಪರೀಕ್ಷೆ. ಕಿಲೋ ತೂಕದ ಕಲ್ಲು ಕೊಟ್ಟು ಕೈ ನೀಡಿ ಹಿಡಿ ಎಂದು ಹೇಳಿ, ಕಾಕಾ ಚಹಾ ಕುಡಿಯಲು ಕೂತ. ಕಪ್ಪು ಖಾಲಿಯಾಯಿತು, ಕೈ ಅಲುಗಲಿಲ್ಲ. "ಇನ್ನೊಂದ ಚಾ ಹೇಳ್ರಿ" ಎಂದಳು ಅತ್ತಿ, "ನನಗೂ ಒಂದ."

"ಹಗೂರಂದು ಬ್ಯಾಡವಾ" ಎಂದು ಕಾಕಾ ತೀರ್ಪು ಕೊಟ್ಟ. "ಬಾಯಿ ಬತ್ತೀಸ ಸಾಕು. ಅದಕ್ಕ ಉಕ್ಕಿನ ಮೈ, ತೂಕದ ಮೈ. ಒದಿಕಿ ಎಲ್ಲಾ ಅದಽ ನುಂಗತೈತಿ." ಬತ್ತೀಸ ಎಂದರೆ ಪಾಯಿಂಟ್ ಮೂವತ್ತೆರಡು. ಗುಂಡು ತುಂಬುವ ಗಾಲಿ ತೆರೆದು ಆರೂ ಮನೆ ಖಾಲಿ ಎಂದು ತೋರಿಸಿ, ರಿವಾಲ್ವರನ್ನು ಅವಳ ಅಂಗೈಗಿಟ್ಟ. ಅದು ಅಲ್ಲೇ ಬೆಳೆದದ್ದರ ಹಾಗೆ ಕೂತಿತು.

ರೇಂಜಿನ ದಿನ ಅತ್ತಿಯ ಮೊದಲ ಗುಂಡು ಮಣ್ಣಿನ ದಿಬ್ಬಕ್ಕೆ. ಎರಡನೆಯದು ಎಲ್ಲಿಗೋ. ಮೂರನೆಯದೂ ಹೋಯಿತು! ಇನ್ನು ಉಳಿದ ಮೂರೂ ಬೀಳಲೇಬೇಕು. ಮಾವ ಆಗಲೇ ಸವದತ್ತಿಯ ಮನೆಯಲ್ಲಿ ಯಾವ ಖೋಲಿ ಕೊಡಬೇಕೆಂದು ನನಗೆ ಹೇಳತೊಡಗಿದ್ದ. ಕಾಕಾ ಅತ್ತಿಯ ಹತ್ತಿರ ಹೋದ.

"ರೊಟ್ಟಿ ಬಡಿಯೂವಾಗ ಸಪ್ಪಳಕ್ಕ ಕಣ್ಣ ಮುಚ್ಚತೀ ಏನವಾ?"

"ಮುಚ್ಚಿದ್ರ ರೊಟ್ಟಿ ಹರೀತೈತಲ್ರಿ!"

"ಮತ್ತ ಇಲ್ಲ್ಯಾಕ ಮುಚ್ಚಾಕತ್ತಿ?"

ಅತ್ತಿ ಕಾಲು ಅಗಲಿಸಿ ನಿಂತಳು. ಹಸಿರು ಬಳಿ ಒಮ್ಮೆ ಕಿಣಿ ಎಂದಿತು. ಢಂ! ಬೋರ್ಡು ನಡುಗಿತು. ಢಂ! ಮೊದಲ ತೂತಿನ ಪಕ್ಕಕ್ಕೇ. ಆರನೆಯದಕ್ಕೆ ನಾನೇ ಕಣ್ಣು ಮುಚ್ಚಿಕೊಂಡಿದ್ದೆ. ಕಾಕಾ ನನ್ನ ಬೆನ್ನಿಗೆ ಗುದ್ದಿದಾಗಲೇ ಗೊತ್ತಾದದ್ದು, ಬಿತ್ತು!

ಮಾವ ಮರ್ಯಾದೆಗಾಗಿ ತನ್ನ ಕಿಸೆ-ಪಿಸ್ತೂಲು ತೆಗೆದ. ಅದು ಒದ್ದ ಒದೆತಕ್ಕೆ ಮೂತಿ ಆಕಾಶ ನೋಡಿತು, ಟೊಪ್ಪಿಗೆ ನೆಲ ನೋಡಿತು. "ಗಾಳಿ ಭಾಳ ಇತ್ತು" ಎಂದ. ಆ ಮೂರು ಶಬ್ದವನ್ನು ನಾನು ಇಂದಿಗೂ ಎಲ್ಲ ಮದುವೆಗಳಲ್ಲಿ ಆಡಿ ತೋರಿಸುತ್ತೇನೆ. ಮಾವನೇ ಆಡಿಸುತ್ತಾನೆ. ಅತ್ತಿ ತೋಟದಲ್ಲೇ ಉಳಿದಳು.

ಹೋದ ವರ್ಷ ಕಾಕಾ ತೀರಿಕೊಂಡ. ಅತ್ತಿಗೆ ಸುದ್ದಿ ತಡವಾಗಿ ತಿಳಿಯಿತು. ಕಾಕುವನ್ನು ಮಾತನಾಡಿಸಿ ಬರಲು ನಾವಿಬ್ಬರೂ ಹೋದೆವು. ಬಂದೂಕುಗಳನ್ನೆಲ್ಲ ಸರಕಾರಕ್ಕೆ ಒಪ್ಪಿಸಿಯಾಗಿತ್ತು. ಖಾಲಿ ಕಪಾಟುಗಳ ನಡುವೆ ನಿಂತಾಗ ನನ್ನ ದೊಡ್ಡ ಬಾಯಿ ಸುಮ್ಮನಿರಲಿಲ್ಲ. ಯಾವಾಗಲೂ ಆಡಿ ತೋರಿಸುವ ಕಾಕಾನ ದನಿ ತಾನಾಗಿ ಹೊರಟಿತು: "ಗೌರಾ, ಎರಡ-ಆರು ಕೊಡ!"

ಕಿಂಡಿಯಿಂದ ಕೈ ಬಂತು. ಬೆರಳಲ್ಲಿ ಹಸಿರು ಬಳಿ, ಮುಂಗೈ ಬರಿದು. ಅರ್ಧಕ್ಕೆ ಅದಕ್ಕೆ ನೆನಪಾಯಿತು. ಹಾಗೇ ನಿಂತಿತು.

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಅತ್ತಿ ನನ್ನನ್ನು ಸರಿಸಿ ಮುಂದೆ ಹೋದಳು. ಆ ಬಳಿ ತೆಗೆದುಕೊಂಡು, ಅದೇ ಕೈಯ ಗಂಟು ಒತ್ತಿ, ಮೆಲ್ಲಗೆ ಏರಿಸತೊಡಗಿದಳು.

"ಏನ್ ಮಾಡಾಕತ್ತಿ ನೀಲವ್ವಾ?" ಗೋಡೆಯ ಆಚೆಯಿಂದ ಕಾಕುವಿನ ದನಿ. "ಮಂದಿ ಏನಂದಾರು?"

"ತೊಡಸಾಕತ್ತಿಲ್ರಿ ಅಕ್ಕಾರ" ಎಂದಳು ಅತ್ತಿ. "ಅಳೀಯಾಕತ್ತೇನಿ."

ಆ ಕೈ, ಬಳಿಯ ಸಮೇತ, ಕಿಣಿ ಎನ್ನುತ್ತ ಒಳಗೆ ಹೋಯಿತು.