ಏಳನೇ ಪೀರಿಯಡ್ಡಿನ ಹದಿನೈದು ನಿಮಿಷ

ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಇದನ್ನು ಮೊದಲೇ ಹೇಳುತ್ತಿದ್ದೇನೆ. ಮುಂದೆ ಬರೆಯುವ ತಪ್ಪನ್ನು ಏನೂ ತಿಳಿಯದೆ ಮಾಡಿದ ಎಂದು ಯಾರೂ ನನ್ನನ್ನು ಬಿಟ್ಟುಬಿಡಬಾರದು.

ಹಾಸನದಿಂದ ಚನ್ನರಾಯಪಟ್ಟಣದ ಕಡೆ ಬರುವಾಗ ಶಾಂತಿಗ್ರಾಮ ದಾಟಿದ ಮೇಲೆ ರಸ್ತೆಗೆ ಅಂಟಿಕೊಂಡಂತೆ ನಮ್ಮೂರು ಸಿಗುತ್ತದೆ. ಅಲ್ಲಿನ ಅನುದಾನಿತ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಜವಾನನಾಗಿದ್ದೆ. ಬೀಗ ತೆಗೆಯುವುದು, ನೀರು ತುಂಬುವುದು, ಬೆಲ್ಲು ಹೊಡೆಯುವುದು ನನ್ನ ಕೆಲಸ. ಬೆಲ್ಲು ಎಂದರೆ ಹೊಂಗೆ ಮರಕ್ಕೆ ತೂಗುಹಾಕಿದ್ದ ರೈಲು ಕಂಬಿಯ ತುಂಡು. ನನ್ನ ಅಕ್ಷರ ದುಂಡಗಿತ್ತು. ಹಾಗಾಗಿ ಆಫೀಸಿನ ಗೋಡೆಯ ಮೇಲೆ ವಿಷಯವಾರು ಕಲಿಕೆಯ ಗುರಿಗಳನ್ನು ಬರೆಯುವ ಕೆಲಸವೂ ನನಗೇ ಬಂತು. ಕನ್ನಡ, ಇಂಗ್ಲಿಷು, ಹಿಂದಿ, ಗಣಿತ, ವಿಜ್ಞಾನ, ಸಮಾಜ, ದೈಹಿಕ ಶಿಕ್ಷಣ, ಕಾರ್ಯಾನುಭವ. ಎಂಟು ಚೌಕ, ನೀಲಿ ಪೇಂಟು. ಗಣಿತದ ಚೌಕದಲ್ಲಿ ಹೀಗೆ ಬರೆದೆ: ‘ಏಳನೇ ತರಗತಿ ಮುಗಿಯುವ ವೇಳೆಗೆ ಮಗು ದಶಮಾಂಶ ಸಂಖ್ಯೆಗಳನ್ನು ಹೋಲಿಸಿ, ಯಾವುದು ದೊಡ್ಡದು, ಯಾವುದು ಚಿಕ್ಕದು ಎಂದು ಹೇಳುತ್ತದೆ.’ ಮಗು ಹೇಳಬೇಕು ಎಂದಲ್ಲ, ಹೇಳುತ್ತದೆ ಎಂದೇ ಇತ್ತು. ಇಲಾಖೆಯಿಂದ ಬಂದ ಕಾಗದದಲ್ಲಿದ್ದಂತೆ ಬರೆದೆ. ಆ ಚೌಕದ ಪಕ್ಕದಲ್ಲೇ ಗಡಿಯಾರ ಇತ್ತು.

ಗಣಿತದ ಮೇಷ್ಟ್ರು ಅರಕಲಗೂಡಿನಿಂದ ಬರುತ್ತಿದ್ದರು. ಸಂಜೆ ನಾಲ್ಕು ಹತ್ತಕ್ಕೆ ನಮ್ಮ ಗೇಟಿನ ಮುಂದೆ ಹಾಸನದ ಬಸ್ಸು ನಿಲ್ಲುತ್ತಿತ್ತು. ಅದು ತಪ್ಪಿದರೆ ಹಾಸನದಲ್ಲಿ ಅರಕಲಗೂಡಿನ ಬಸ್ಸೂ ತಪ್ಪಿ, ಮನೆ ಸೇರುವಾಗ ಕತ್ತಲೆ. ಏಳನೇ ತರಗತಿಗೆ ಅವರ ಗಣಿತ ಇದ್ದದ್ದು ದಿನದ ಕೊನೆಯದಾದ ಏಳನೇ ಪೀರಿಯಡ್ಡಿನಲ್ಲಿ, ಮೂರು ನಲವತ್ತರಿಂದ ನಾಲ್ಕು ಇಪ್ಪತ್ತರವರೆಗೆ. ಅವರು ನನ್ನನ್ನು ಏನೂ ಕೇಳಲಿಲ್ಲ. ಒಂದು ದಿನ ಆಫೀಸಿನಲ್ಲಿ ಟೀ ಕುಡಿಯುತ್ತಾ, “ಈ ಗಡಿಯಾರ ಸ್ವಲ್ಪ ಹಿಂದೆ ಬಿದ್ದಂಗಿದೆ, ಅಲ್ವಾ?” ಎಂದರು, ಅಷ್ಟೆ. ಗಡಿಯಾರ ಸರಿಯಾಗಿಯೇ ಇತ್ತು.

ಬೆಲ್ಲನ್ನು ನಾನು ಒಂದು ದಿನವೂ ಹೊತ್ತಿಗೆ ಮುಂಚೆ ಹೊಡೆಯಲಿಲ್ಲ. ಅದು ತಪ್ಪು. ಏಳನೇ ಪೀರಿಯಡ್ಡು ಶುರುವಾದ ಮೇಲೆ ಸ್ಟೂಲು ಹತ್ತಿ, ದೊಡ್ಡ ಮುಳ್ಳನ್ನು ಹದಿನೈದು ನಿಮಿಷ ಮುಂದೆ ತಳ್ಳುತ್ತಿದ್ದೆ. ಆಮೇಲೆ ಗಡಿಯಾರ ನಾಲ್ಕು ಇಪ್ಪತ್ತು ತೋರಿಸಿದಾಗ ಸರಿಯಾಗಿ ಬೆಲ್ಲು ಹೊಡೆಯುತ್ತಿದ್ದೆ. ಬೆಳಿಗ್ಗೆ ಬಂದು ಮುಳ್ಳನ್ನು ಹಿಂದಕ್ಕೆ ತರುತ್ತಿದ್ದೆ. ಮುಖ್ಯ ಶಿಕ್ಷಕರ ಕೈಯಲ್ಲಿ ವಾಚಿತ್ತು, ಆದರೆ ಅವರಿಗೂ ಚನ್ನರಾಯಪಟ್ಟಣದ ಬಸ್ಸು ಹಿಡಿಯಬೇಕಿತ್ತು. ಇನ್‌ಸ್ಪೆಕ್ಟರು ಬಂದ ದಿನ ಮಾತ್ರ ಸ್ಟೂಲು ಹತ್ತಲಿಲ್ಲ. ಅವತ್ತು ಮೇಷ್ಟ್ರು ಇಪ್ಪತ್ತೈದು ನಿಮಿಷಕ್ಕೆ ಪಾಠ ಮುಗಿಸಿ, ಉಳಿದ ಹೊತ್ತಿಗೆ ಏನು ಮಾಡುವುದೆಂದು ತಿಳಿಯದೆ ಮಕ್ಕಳಿಗೆ ಕಣ್ಣು ಮುಚ್ಚಿ ಕೂರಲು ಹೇಳಿದರು. ಇನ್‌ಸ್ಪೆಕ್ಟರು ಅದನ್ನು ಧ್ಯಾನ ಎಂದು ಬರೆದುಕೊಂಡು ಹೋದರು.

ಇಷ್ಟು ದಿನ ಇದನ್ನು ಯಾರಿಗಾದರೂ ಹೇಳುವುದಿದ್ದರೆ ಮೇಷ್ಟ್ರ ಬಸ್ಸಿಗಾಗಿ ಮಾಡಿದೆ ಎಂದೇ ಹೇಳಿಕೊಳ್ಳುತ್ತಿದ್ದೆ. ಅದು ಅರ್ಧ ನಿಜ. ನಮ್ಮ ಮನೆಯಲ್ಲಿ ಎರಡು ಹಸುಗಳಿದ್ದವು. ಶಾಲೆ ಬೇಗ ಬಿಟ್ಟರೆ ಹಾಲು ಕರೆದು ಡೇರಿಯ ಸಾಲಿನಲ್ಲಿ ಮೊದಲನೆಯವನಾಗಿ ನಿಲ್ಲಬಹುದಿತ್ತು. ಸಾಲಿನಲ್ಲಿ ಮೊದಲು ನಿಂತರೆ ಹಾಲಿಗೆ ಬೆಲೆಯೇನೂ ಹೆಚ್ಚುವುದಿಲ್ಲ. ಸುಮ್ಮನೆ ಮೊದಲು ನಿಂತಂತಾಗುತ್ತದೆ. ಅದಕ್ಕಾಗಿ ಮಾಡಿದೆ, ವರ್ಷಾನುಗಟ್ಟಲೆ ಮಾಡಿದೆ. ಆಮೇಲೆ ನಿವೃತ್ತನಾದೆ. ಶಾಲು ಹೊದಿಸಿದರು. ಸಮಯಪಾಲನೆಯ ಬಗ್ಗೆ ಇಬ್ಬರು ಮಾತಾಡಿದರು.

ಆ ವರ್ಷಗಳಲ್ಲೊಮ್ಮೆ ಏಳನೇ ತರಗತಿಯ ಒಬ್ಬಳು ಹುಡುಗಿ ಬಾಗಿಲ ಪಕ್ಕ ಕೂರುತ್ತಿದ್ದಳು. ನಾನು ಸ್ಟೂಲು ಎತ್ತಿಕೊಂಡು ಆಫೀಸಿಗೆ ಹೋಗುವುದು ಅವಳಿಗೆ ಕಾಣುತ್ತಿತ್ತು. ಕಂಡ ಕೂಡಲೇ ಚೀಲಕ್ಕೆ ಪುಸ್ತಕ ತುಂಬುತ್ತಿದ್ದಳು. ಎಂಟನೆಯ ತರಗತಿಗೆ ಓದು ಬಿಡಿಸಿದರು. ಹೊಳೆನರಸೀಪುರದ ಕಡೆ ಕೊಟ್ಟರು. ಗಂಡ ತೀರಿಕೊಂಡ ಮೇಲೆ ಮಗಳನ್ನು ಕರೆದುಕೊಂಡು ತವರಿಗೆ ಬಂದಳು. ಹೋದ ವರ್ಷ ಡೇರಿ ಸಂಘದವರು ಅವಳನ್ನು ಹಾಲು ಪರೀಕ್ಷೆ ಮಾಡುವ ಟೆಸ್ಟರ್ ಕೆಲಸಕ್ಕೆ ತೆಗೆದುಕೊಂಡರು. ಮೂರು ತಿಂಗಳು ನೋಡುವುದು, ಸರಿಹೋದರೆ ಕಾಯಂ ಮಾಡುವುದು.

ಕೆಲಸ ಕಷ್ಟದ್ದಲ್ಲ. ಹಾಲಿನ ಮಾದರಿಯನ್ನು ಮಿಷನ್ನಿಗೆ ಇಟ್ಟರೆ ಕೊಬ್ಬಿನಂಶ ಪಾಯಿಂಟಿನ ಆಚೆ ಎರಡು ಅಂಕಿಯವರೆಗೆ ಬರುತ್ತದೆ. ಗೋಡೆಯ ಮೇಲೆ ಬೋರ್ಡಿದೆ: ಹಸುವಿನ ಹಾಲು 3.5. ಅದಕ್ಕಿಂತ ಕಡಿಮೆ ಬಂದರೆ ಹಾಲನ್ನು ವಾಪಸು ಕಳಿಸಬೇಕು.

ಅವಳು ಬಂದ ಮೇಲೆ ಯಾರ ಹಾಲೂ ವಾಪಸಾಗಲಿಲ್ಲ. ಇಂಥ ಒಳ್ಳೆಯ ಟೆಸ್ಟರ್ ಈ ಊರಿಗೆ ಬಂದೇ ಇರಲಿಲ್ಲ ಎಂದು ಎಲ್ಲರೂ ಹೊಗಳಿದರು. ಒಂದು ಸಂಜೆ ನನ್ನ ಸರದಿ ಬಂತು. ಕ್ಯಾನು ತೊಳೆದ ನೀರನ್ನು ಚೆಲ್ಲುವ ರೂಢಿ ನಮ್ಮ ಮನೆಯಲ್ಲಿಲ್ಲ. ಮಿಷನ್ನು 3.28 ತೋರಿಸಿತು. ನಾನು ಕ್ಯಾನು ಎತ್ತಿಕೊಳ್ಳಲು ಬಗ್ಗಿದೆ.

“ಯಾಕಣ್ಣ ಎತ್ಕತೀಯಾ? ಪಾಸು. ಇಪ್ಪತ್ತೆಂಟು ಬಂದದೆ, ಐದು ಸಾಕು” ಎಂದಳು.

ನನಗೆ ಆಗಲೇ ಅರ್ಥವಾಯಿತು. ಪಾಯಿಂಟಿನ ಆಚೆ ಇರುವುದನ್ನು ಅವಳು ಇಡೀ ಸಂಖ್ಯೆಯಂತೆ ಓದುತ್ತಿದ್ದಳು. ಐದಕ್ಕಿಂತ ಇಪ್ಪತ್ತೆಂಟು ದೊಡ್ಡದು. ದಶಮಾಂಶಗಳ ಹೋಲಿಕೆ ಪಾಠದ ಕೊನೆಯಲ್ಲಿ ಬರುತ್ತದೆ, ಪೀರಿಯಡ್ಡಿನ ಕೊನೆಯಲ್ಲೂ ಬರುತ್ತದೆ. ಅಷ್ಟು ಹೊತ್ತಿಗೆ ಅವಳ ಚೀಲ ತುಂಬಿರುತ್ತಿತ್ತು.

ಹಾಲು ಸುರಿದು ಮನೆಗೆ ಬಂದೆ. ಮರುದಿನವೂ ಸುರಿದೆ. ಹೀಗೆ ಒಂದೂವರೆ ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಮೊದಲನೆಯ ತಪ್ಪಿಗಿಂತ ಇದು ದೊಡ್ಡದೆಂದು ನನಗೆ ಅನ್ನಿಸುತ್ತದೆ.

ಕೊನೆಗೆ ಹಾಸನದ ಹಾಲು ಶೀತಲೀಕರಣ ಕೇಂದ್ರದಿಂದ ನಮ್ಮೂರಿನ ಹಾಲು ವಾಪಸು ಬಂತು, ಜೊತೆಗೆ ಕೊಬ್ಬು ಕಡಿಮೆ ಎಂದು ಒಂದು ಕಾಗದವೂ ಬಂತು. ಹೊಗಳಿದ ಬಾಯಿಗಳೇ, ಅವಳು ನೀರು ಬೆರೆಸುವವರ ಕೈಯಿಂದ ದುಡ್ಡು ತಿಂದಿದ್ದಾಳೆ ಎಂದವು. ಬೆಳಗಿನ ಹಾಲು ಮುಗಿದ ಮೇಲೆ ಡೇರಿಯಲ್ಲೇ ಸಭೆ ಸೇರಿತು. ನಾನೂ ಹೋಗಿ ಬಾಗಿಲಲ್ಲಿ ನಿಂತೆ. ಅವಳು ಮಿಷನ್ನಿನ ಪಕ್ಕ ಕೈಕಟ್ಟಿ ನಿಂತಿದ್ದಳು.

“ಯಾರ್ ಏನ್ ಕೊಟ್ರು ಅಂತ ಒಪ್ಕಂಡ್ಬುಡವ್ವ, ಇಲ್ಲೇ ಮುಗಿಸ್ಬುಡಾನ” ಎಂದರು ಸಂಘದ ಅಧ್ಯಕ್ಷರು.

“ಯಾರೂ ಏನೂ ಕೊಟ್ಟಿಲ್ಲ. ಮಿಷನ್ನು ಏನ್ ತೋರ್ಸ್ತೋ ಅದ್ನೇ ಬರ್ದಿವ್ನಿ.”

“ಹಂಗಾರೆ ಹಾಲು ಯಾಕ್ ವಾಪಸ್ ಬಂತು? ಕಾಲು ಬಂದು ನಡ್ಕಂಡ್ ಬಂತಾ?”

ಎಲ್ಲರೂ ನಕ್ಕರು. ಇನ್ನು ಸುಮ್ಮನಿದ್ದರೆ ಅವಳ ಕೆಲಸದ ಜೊತೆ ಮಾನವೂ ಹೋಗುತ್ತಿತ್ತು. ನಾನು ಒಳಗೆ ಹೋಗಿ ಎಲ್ಲವನ್ನೂ ಹೇಳಿದೆ. ಸ್ಟೂಲು, ಮುಳ್ಳು, ಬಸ್ಸು, ನನ್ನ ಹಸು, 3.28, ಒಂದನ್ನೂ ಬಿಡಲಿಲ್ಲ. ಅವಳದು ಕಳ್ಳತನವಲ್ಲ, ನಾನು ಕಿತ್ತುಕೊಂಡ ಹದಿನೈದು ನಿಮಿಷ ಅದು ಎಂದೆ.

ಅಧ್ಯಕ್ಷರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಏನ್ ನಾಟ್ಕ ಆಡ್ತೀಯ ಕಣಣ್ಣ. ಪಾಯಿಂಟ್ ಲೆಕ್ಕ ಚಿಕ್ ಮಗೀಗೂ ಗೊತ್ತು.”

ಸಂಘದ ಕಾರ್ಯದರ್ಶಿ ಬೇರೆ ಊರಿನವನು, ಗೊರೂರಿನಲ್ಲಿ ಓದಿದವನು. ಮಾತು ಕಡಿಮೆ. ಅವನು ಚೀಟಿಯೊಂದರಲ್ಲಿ 3.45, 3.5 ಎಂದು ಬರೆದು ಅಧ್ಯಕ್ಷರ ಮುಂದೆ ಇಟ್ಟ. “ಯಾವ್ದು ದೊಡ್ದು, ಯೋಳಿ ಸಾ.”

“ಇದೇನ್ ಕೇಳಾದು? ನಲವತ್ತೈದು ಇರಾದೇ ದೊಡ್ದು ಕಣಯ್ಯ.”

ಕಾರ್ಯದರ್ಶಿ ಚೀಟಿಯನ್ನು ಪಕ್ಕದ ಸದಸ್ಯರಿಗೆ ಕೊಟ್ಟ. ಅವರೂ ನಲವತ್ತೈದು ಎಂದರು. ಇನ್ನೊಬ್ಬರು ಕನ್ನಡಕ ಹಾಕಿಕೊಂಡು ನೋಡಿ ನಲವತ್ತೈದು ಎಂದರು. ಮೂವರೂ ನನ್ನ ಬೆಲ್ಲಿಗೆ ಮನೆಗೆ ಓಡಿದವರು. ಸರಿಯಾಗಿ ಹೇಳಿದವರು ಒಬ್ಬರೇ, ಅವರು ಶಾಲೆಗೇ ಹೋದವರಲ್ಲ. 3.45ರ ಮೇಲೆ ಬೆರಳಿಟ್ಟು, “ಮೂರೂವರೆಗೆ ಇನ್ನೊಂದ್ ಚೂರ್ ಕಮ್ಮಿ ಅಲ್ವಾ ಇದು?” ಎಂದರು. ಹಾಲು ಅಳೆದು ಅಭ್ಯಾಸ ಇತ್ತು.

ಅಧ್ಯಕ್ಷರು ಚೀಟಿಯನ್ನು ಮಡಿಚಿ ಜೇಬಿಗೆ ಹಾಕಿಕೊಂಡರು. “ಹತ್ತು ದಿನ ಟೈಮ್ ಕೊಡಾನ. ಆಮೇಲೆ ಕಾರ್ಯದರ್ಶಿಗಳು ಎಲ್ಲಾರ್ ಮುಂದೆ ಪರೀಕ್ಷೆ ಮಾಡ್ಲಿ. ಒಂದ್ ತಪ್ಪಾದ್ರೂ ಬ್ಯಾರೆಯೋರ್ನ ನೋಡಾದೇಯ” ಎಂದರು.

ಹೊರಗೆ ಬಂದಾಗ ಅವಳು ನನ್ನ ಹಿಂದೆಯೇ ಬಂದಳು. ಕ್ಷಮಿಸು ಎಂದು ಹೇಳಲು ನಾನು ಮಾತು ಹೊಂದಿಸಿಕೊಳ್ಳುತ್ತಿದ್ದೆ.

“ಮೂರು ನಲವತ್ತಕ್ಕೆ ಬಾ. ಇಲ್ಲಿಗೇಯ” ಎಂದಳು.

“ಯಾಕವ್ವ?”

“ಪಾಠ ಯಾರ್ ಮಾಡ್ತಾರೆ? ಆ ಮೇಷ್ಟ್ರು ಸತ್ತೋದ್ರು. ನೀನ್ ಇದ್ದೀಯ.”

ಮೂರು ನಲವತ್ತಕ್ಕೆ ಹೋದೆ. ಡೇರಿಯ ಬೆಂಚಿನ ಮೇಲೆ ಮಗಳ ನೋಟ್‌ಬುಕ್ಕು ಇಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಫೋನು ಇತ್ತು, ಅದರಲ್ಲಿ ನಲವತ್ತು ನಿಮಿಷ ಇಟ್ಟಿದ್ದಳು. ಅಂಕಿಗಳು ಒಂದೊಂದೇ ಸೆಕೆಂಡಾಗಿ ಇಳಿಯುತ್ತಿದ್ದವು. ನಾನು ಲೀಟರಿನ ಪಾತ್ರೆ ತಂದೆ. ಅದರ ಹತ್ತು ಭಾಗ ತೋರಿಸಿದೆ, ಒಂದು ಭಾಗವನ್ನು ಮತ್ತೆ ಹತ್ತಾಗಿ ಗೀರು ಹಾಕಿದೆ. ಹತ್ತನೆಯ ಮನೆ, ನೂರನೆಯ ಮನೆ. ಮೊದಲು ದೊಡ್ಡ ಮನೆ ನೋಡಬೇಕು, ಆಮೇಲೆ ಚಿಕ್ಕದು. 3.5 ಎಂದರೆ 3.50. ಅವಳು ಬರೆದಳು, ತಪ್ಪಿದಳು, ಹೊಡೆದುಹಾಕಿ ಮತ್ತೆ ಬರೆದಳು.

ಒಂದು ಹಂತಕ್ಕೆ ನನಗೆ ಪಾಠ ಮುಗಿಯಿತು ಎನ್ನಿಸಿತು. ಎದ್ದು ಪಂಚೆ ಕೊಡವಿದೆ. ಫೋನಿನಲ್ಲಿ ಇನ್ನೂ ಹದಿನೈದು ನಿಮಿಷ ಇತ್ತು.

“ಕೂತ್ಕಳಿ ಸಾ” ಎಂದಳು. ಅವಳು ನನ್ನನ್ನು ಸಾ ಎಂದದ್ದು ಅದೇ ಮೊದಲು. ಗೌರವಕ್ಕೆ ಅಂದದ್ದಲ್ಲ.

ಕೂತೆ. ಆ ಹದಿನೈದು ನಿಮಿಷದಲ್ಲೇ ಅವಳು ತಪ್ಪಿಲ್ಲದೆ ಹೋಲಿಸತೊಡಗಿದಳು. ಅಷ್ಟು ಹೊತ್ತಿನಲ್ಲಿ ಎಷ್ಟು ಕಲಿಯಬಹುದು ಎನ್ನುವುದು ನನಗೆ ಮೊದಲ ಸಲ ಗೊತ್ತಾಯಿತು. ಹತ್ತು ದಿನವೂ ಹೀಗೆಯೇ ನಡೆಯಿತು. ಮೂರನೆಯ ದಿನದಿಂದ ಅಧ್ಯಕ್ಷರು ಬಿಲ್ಲು ನೋಡುವ ನೆಪದಲ್ಲಿ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ನಾವಿಬ್ಬರೂ ಅದನ್ನು ಗಮನಿಸದವರಂತೆ ಇದ್ದೆವು.

ಪರೀಕ್ಷೆಯ ಸಂಜೆ ಊರಿಗೆ ಊರೇ ಕ್ಯಾನು ಹಿಡಿದು ನಿಂತಿತ್ತು. ಕಾರ್ಯದರ್ಶಿ ಮಿಷನ್ನಿನ ಪಕ್ಕ ನಿಂತ. ಅವಳು ಅಂಕಿಯನ್ನು ಗಟ್ಟಿಯಾಗಿ ಓದಿ, ತೆಗೆದುಕೊಳ್ಳುವುದೋ ವಾಪಸೋ ಹೇಳಬೇಕು. ಸಾಲಿನಲ್ಲಿ ನಾನೇ ಮೊದಲನೆಯವನು. ಅದು ಹಳೆಯ ಅಭ್ಯಾಸ. ಸಭೆಯಾದ ದಿನದಿಂದ ಕ್ಯಾನು ತೊಳೆದ ನೀರನ್ನು ಹಾಲಿಗೆ ಹಾಕುವುದನ್ನು ನಿಲ್ಲಿಸಿದ್ದೆ.

ಅವಳು ಮಾದರಿ ಇಟ್ಟಳು. ಅಂಕಿ ಬಂತು. ಒಂದು ಸಲ ನನ್ನ ಮುಖ ನೋಡಿದಳು. ಆಮೇಲೆ ಬೋರ್ಡು ನೋಡಿದಳು.

“ಮೂರು ಪಾಯಿಂಟ್ ನಾಲ್ಕು ಎಂಟು. ಮೂರೂವರೆಗಿಂತ ಕಮ್ಮಿ. ವಾಪಸ್.”

ಕಾರ್ಯದರ್ಶಿ ತಲೆಯಾಡಿಸಿ ಬರೆದುಕೊಂಡ. ಹಿಂದಿನಿಂದ ಯಾರೋ, “ಗುರುಗಳ್ದೇ ಪಸ್ಟು ಪೇಲು ಕಣ್ಲಾ!” ಎಂದರು. ಸಾಲು ನಕ್ಕಿತು. ಇವತ್ತು ನೀರು ಹಾಕಿಲ್ಲ, ಹಸು ಮುದಿಯಾಗಿದೆ ಎಂದು ಹೇಳಬಹುದಿತ್ತು. ಯಾರೂ ನಂಬುತ್ತಿರಲಿಲ್ಲ. ನಂಬಬೇಕೆಂದು ಕೇಳುವ ಹಕ್ಕೂ ನನಗಿರಲಿಲ್ಲ. ಪಕ್ಕಕ್ಕೆ ಸರಿದು, ಸಾಲು ಮುಗಿಯುವವರೆಗೆ ನಿಂತು ಕೇಳಿದೆ. ಒಂದೂ ತಪ್ಪಲಿಲ್ಲ. ಆ ಸಂಜೆ ಒಂಬತ್ತು ಕ್ಯಾನು ವಾಪಸಾಯಿತು, ಅದರಲ್ಲಿ ಅಧ್ಯಕ್ಷರದೂ ಒಂದು. ಅವಳ ಕೆಲಸ ಕಾಯಂ ಆಯಿತು. ಇಂಥ ಕೆಟ್ಟ ಟೆಸ್ಟರ್ ಈ ಊರಿಗೆ ಬಂದೇ ಇರಲಿಲ್ಲ ಎಂದು ಈಗ ಎಲ್ಲರೂ ಹೇಳುತ್ತಾರೆ.

ನಾನು ಕ್ಯಾನು ಹೊತ್ತು ಮನೆಗೆ ಬಂದೆ. ಹೆಂಡತಿ ಹಾಲು ಕಾಯಿಸಿ ಹೆಪ್ಪು ಹಾಕಿದಳು. ಮೊಸರು ತೆಳ್ಳಗಿತ್ತು. ಎರಡು ದಿನ ಅದನ್ನೇ ಊಟ ಮಾಡಿದೆ.