ತಮ್ಮನಿಗಾಗಿ ಕರಗಿಸಿದ ಕೊಬ್ಬು

ಕಿವಿಗೊಡಿ, ಪ್ರಿಯರೇ. ದೇವರು ನಮ್ಮ ವಶಕ್ಕೊಪ್ಪಿಸಿದ ದೇಹವನ್ನು ಹೇಗೆ ಕಾಯಬೇಕೆಂಬುದನ್ನು ನಾನು ದೊಡ್ಡವರ ಉಪದೇಶದಿಂದ ಕಲಿಯಲಿಲ್ಲ. ಬಟ್ಟೆ ಹೊಲಿಯುವ ಒಬ್ಬ ಹೆಂಗಸಿನ ಬಾಳಿನಿಂದ ಕಲಿತೆ.

ಬೀಗದ ಅಂಗಡಿಗೂ ಔಷಧದ ಅಂಗಡಿಗೂ ನಡುವಿನ ಹತ್ತಡಿ ಕೋಣೆಯಲ್ಲಿ ಆಕೆ ಮೂವತ್ತು ವರ್ಷ ದುಡಿದಳು. ಕೊರಳಲ್ಲಿ ಸದಾ ಅಳತೆಯ ಪಟ್ಟಿ ಇರುತ್ತಿದ್ದುದರಿಂದ ಎಲ್ಲರಿಗೂ ಟೇಪಕ್ಕ. ಎದುರು ನಿಂತವರ ಸುತ್ತಳತೆಯನ್ನು ಕಣ್ಣಳತೆಯಲ್ಲೇ ಹೇಳುತ್ತಿದ್ದ ಆಕೆ ತನ್ನ ನಡುವನ್ನು ಮಾತ್ರ ಅಳೆದವಳಲ್ಲ. ಉಡುಪು ಬಿಗಿಯಾದರೆ ಒಳಗಂಚಿನಲ್ಲಿ ಮಡಿಸಿಟ್ಟ ಬಟ್ಟೆಯನ್ನು ಕಾಲಂಗುಲ ಬಿಡಿಸಿ ಮತ್ತೆ ಹೊಲಿದುಕೊಳ್ಳುತ್ತಿದ್ದಳು. ಹೀಗೆ ಮೈ ಬೆಳೆಯುತ್ತಲೇ ಹೋಯಿತು. ಬಟ್ಟೆ ಒಮ್ಮೆಯೂ ದೂರು ಹೇಳಲಿಲ್ಲ. ಇಂಥ ತಪ್ಪು, ಹೊಲಿಗೆ ಬಲ್ಲವರಿಗೆ ಮಾತ್ರ ಸಾಧ್ಯ.

ಆಕೆಯ ತಮ್ಮ ಶಾಲೆಯಲ್ಲಿ ಚಿತ್ರ ಕಲಿಸುವ ಮೇಷ್ಟ್ರು. ಕಾಯಿಲೆಯಿಂದ ಅವನ ಯಕೃತ್ತು ಕೆಟ್ಟುಹೋಯಿತು. ಒಡಹುಟ್ಟಿದವಳ ಯಕೃತ್ತಿನ ಒಂದು ಭಾಗ ಸಿಕ್ಕರೆ ಬದುಕಿಯಾನು ಎಂದರು ಆಸ್ಪತ್ರೆಯವರು. ರಕ್ತದ ಗುಂಪು ಹೊಂದಿತು. ಆದರೆ ಸ್ಕ್ಯಾನಿನಲ್ಲಿ ಅಕ್ಕನ ಯಕೃತ್ತಿನ ತುಂಬ ಕೊಬ್ಬು.

“ಈಗ ತೆಗೆದ್ರೆ ನಿಮಗೂ ಅಪಾಯ, ಅವರಿಗೂ ಅಪಾಯ,” ಎಂದರು ಡಾಕ್ಟರಮ್ಮ. “ಮೂರು ತಿಂಗಳಿದೆ. ಅದಕ್ಕಿಂತ ಹೆಚ್ಚು ಅವರು ತಡೆಯೋದು ಕಷ್ಟ.”

“ನಾನು ಜಿಡ್ಡು ಮುಟ್ಟಿ ಎಷ್ಟೋ ವರ್ಷ ಆಯ್ತಲ್ಲಮ್ಮಾ. ಕೊಬ್ಬು ಎಲ್ಲಿಂದ ಬರತ್ತೆ?”

ಉತ್ತರ ಪೂರ್ತಿ ಕೇಳುವ ತಾಳ್ಮೆ ಆಕೆಗಿರಲಿಲ್ಲ. ಎರಡನೆಯ ತಪಾಸಣೆಗೆ ಮುನ್ನ ಮೂರು ದಿನ ಬರಿಯ ನೀರು ಕುಡಿದು, ಹಟ ಹಿಡಿದು ಹೊಲಿದಳು. ರಕ್ತದಲ್ಲಿ ಕೊಬ್ಬಿನಂಶ ಇನ್ನೂ ಏರಿದ್ದ ಫಲಿತಾಂಶ ನೋಡಿ ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು.

“ಊಟ ಬಿಟ್ರಾ?”

“ಬಿಟ್ಟೆ. ರಕ್ತ ಶುದ್ಧವಾಗ್ಲಿ ಅಂತ.”

“ರಕ್ತದಲ್ಲಿ ಓಡಾಡೋ ಬಿಡಿ ಕೊಬ್ಬಿನಾಮ್ಲ, ಅಂದ್ರೆ ಕೊಬ್ಬು ಒಡೆದ ತುಣುಕು, ಬಹುಪಾಲು ತಟ್ಟೆಯಿಂದ ಬರೋದಲ್ಲ ಅಕ್ಕಾ. ಊಟದ್ದು ಒಂದಿಷ್ಟು ಸೇರತ್ತೆ, ನಿಜ. ಉಳಿದದ್ದು ಮೈಯೊಳಗೆ ಕೂಡಿಟ್ಟ ಕೊಬ್ಬು ಒಡೆದು ಬರೋದು. ಉಂಡಾಗ ಇನ್ಸುಲಿನ್ ಆ ಉಗ್ರಾಣದ ಬಾಗಿಲು ಮುಚ್ಚಬೇಕು. ನಿಮ್ಮ ಉಗ್ರಾಣ ತುಂಬಿ ತುಳುಕ್ತಿದೆ, ಇನ್ಸುಲಿನ್ ಮಾತು ಕೇಳ್ತಿಲ್ಲ. ಸೋರಿದ್ದನ್ನೆಲ್ಲ ಯಕೃತ್ತು ಹೊರ್ತಾ ಇದೆ. ಉಪವಾಸ ಮಾಡಿ ನೀವು ಬಾಗಿಲನ್ನ ಇನ್ನಷ್ಟು ತೆಗೆದ್ರಿ.”

“ತುಂಬಿದ್ದು ಹೇಗೆ?”

“ದಿನಕ್ಕೆ ಎಂಟು ಲೋಟ ಸಕ್ಕರೆ ಚಹಾ, ಕೂತ ಜಾಗ ಬಿಟ್ಟು ಏಳೋದಿಲ್ಲ. ನೀವೇ ಹೇಳಿದ್ದು. ಖರ್ಚಾಗದ ಸಕ್ಕರೆನೂ ಕೊಬ್ಬೇ ಆಗತ್ತೆ.”

ಅಂದು ಆಕೆ ಅಂಗಡಿಯ ಕನ್ನಡಿಯೆದುರು ನಿಂತು ತನ್ನ ನಡುವನ್ನು ಅಳೆದಳು. ಮೂವತ್ತನಾಲ್ಕೆಂದು ನಂಬಿದ್ದಳು, ನಲವತ್ತೊಂದಿತ್ತು. ಬಹಳ ಹೊತ್ತು ಕೂತು ಪ್ರಾರ್ಥಿಸಿದಳಂತೆ. ತಮ್ಮನ ಪ್ರಾಣ ತನ್ನ ಅಸಡ್ಡೆಗೆ ಒತ್ತೆಯಾಗಿದೆ ಎಂಬ ಅರಿವಿಗಿಂತ ಭಾರವಾದ ಶಿಲುಬೆಯನ್ನೋ ನೊಗವನ್ನೋ ನಾನು ಕಾಣೆ.

ಹೊಲಿಗೆ ಯಂತ್ರದ ಮೋಟಾರು ಕಳಚಿ ಕಾಲಿನಿಂದ ತುಳಿಯತೊಡಗಿದಳು. ಚಹಾದ ಸಕ್ಕರೆ ನಿಂತಿತು. ಊಟ ಹೊತ್ತಿಗೆ ಸರಿಯಾಗಿ, ಮಿತವಾಗಿ. ಹೊಲಿದ ಬಟ್ಟೆಗಳನ್ನು ಹೆಗಲಿಗೇರಿಸಿ ಮನೆಮನೆಗೆ ನಡೆದೇ ಮುಟ್ಟಿಸಿದಳು.

ಬೀಗದವನು ಕೆಣಕಿದ: “ಏನಕ್ಕಾ, ಗಿರಾಕಿಗಳು ಓಡಿಹೋದ್ರಾ, ಹುಡುಕ್ಕೊಂಡು ಹೋಗ್ತಿದೀಯ?”

“ಗಿರಾಕಿ ಇದಾರೋ. ಕೊಬ್ಬನ್ನ ಓಡಿಸ್ತಿದೀನಿ.”

ತಮ್ಮನೂ ಹಾಸಿಗೆಯಿಂದ ಚುಚ್ಚುತ್ತಿದ್ದ: “ಚಿಕ್ಕಂದಿನಲ್ಲಿ ನೀ ಕಚ್ಚಿ ಉಳಿಸಿದ್ದನ್ನೇ ಕೊಡ್ತಿದ್ದೆ. ಈ ಸಲನಾದ್ರೂ ಒಳ್ಳೇ ತುಂಡು ಕೊಡೇ.” ಹತ್ತನೆಯ ವಾರಕ್ಕೆ ಅವನ ಕಣ್ಣು ಅರಿಸಿನವಾಯಿತು, ಚೇಷ್ಟೆಯ ಮಾತು ನಿಂತಿತು. ಅಕ್ಕ ಮಳೆಯಲ್ಲೂ ನಡೆದಳು.

ಹನ್ನೆರಡನೆಯ ವಾರ ಸ್ಕ್ಯಾನು ತೆಗೆದರು. ಡಾಕ್ಟರಮ್ಮ ತೆರೆಯತ್ತ ಎರಡು ಸಲ ನೋಡಿ, “ನಾಳಿದ್ದು ಸೇರ್ಕೊಳ್ಳಿ,” ಎಂದರು. ಅಷ್ಟೇ. ಟೇಪಕ್ಕ ನೇರ ತಮ್ಮನ ಹಾಸಿಗೆಯ ಬಳಿಗೆ ನಡೆದಳು.

ತಮ್ಮ ಬದುಕಿದ. ಎಚ್ಚರವಾದಾಗ ನರ್ಸಿನತ್ತ ತಿರುಗಿ ಅವನು ಕೇಳಿದ್ದು ಒಂದೇ ಮಾತು: “ಅಕ್ಕ ಹೇಗಿದಾಳೆ?” ಆಕೆಗೆ ನೋವಿತ್ತು, ಜ್ವರವಿತ್ತು, ತಿಂಗಳೊಪ್ಪತ್ತಿನಲ್ಲಿ ಎದ್ದಳು. ಈಗಲೂ ನಡೆಯುತ್ತಾಳೆ.

ದೇವರು ಆಕೆಗೆ ಹನ್ನೆರಡು ವಾರ ಕೊಟ್ಟ. ಎಲ್ಲರಿಗೂ ಅಷ್ಟು ಗಡುವು ಸಿಗುತ್ತದೆಂದು ನಾನು ಹೇಳಲಾರೆ. ಆದ್ದರಿಂದ ಬೇಡುತ್ತೇನೆ, ಪ್ರಿಯರೇ: ನಿಮ್ಮವರೊಬ್ಬರು ಕೈಚಾಚುವವರೆಗೆ ಕಾಯಬೇಡಿ. ಈ ವಾರವೇ ರಕ್ತ ಪರೀಕ್ಷೆ ಮಾಡಿಸಿ, ವೈದ್ಯರ ಮಾತನ್ನು ಕೊನೆಯವರೆಗೆ ಕೇಳಿ, ಇಂದು ಸಂಜೆಯೇ ಚಪ್ಪಲಿ ಮೆಟ್ಟಿ ಹೊರಡಿ.