ಶೇಖರ ಮಾಸ್ತರರ ಸ್ವರ ಮರಳಿ ಸಿಕ್ಕಿದ್ದು

ಸಂತ ಅಂತೋನಿಯವರನ್ನು ನಂಬಿದ ಸಹೋದರ ಸಹೋದರಿಯರೇ, ಕಳೆದ ಮಳೆಗಾಲದಲ್ಲಿ ನನಗೆ ಆ ಸಂತರ ಮೇಲೆಯೇ ಸಿಟ್ಟು ಬಂದಿತ್ತು. ಅದನ್ನು ಮುಚ್ಚಿಟ್ಟು ಸಾಕ್ಷಿ ಬರೆಯಲಾರೆ.

ಬಂದ್ಯೋಡಿನಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಒಂದು ದಿನ ಸೀತಾಂಗೋಳಿಯ ಸುಮತಿ ಟೀಚರ್ ತಮ್ಮ ಗಂಡ ಶೇಖರ ಮಾಸ್ತರರನ್ನು ಕರೆದುಕೊಂಡು ಬಸ್ಸಿನಲ್ಲಿ ಬಂದರು. ಗಂಟಲಿನ ಕ್ಯಾನ್ಸರ್ ಆಗಿ ಮಾಸ್ತರರ ಧ್ವನಿಪೆಟ್ಟಿಗೆಯನ್ನೇ ಮಂಗಳೂರಿನ ಆಸ್ಪತ್ರೆಯಲ್ಲಿ ತೆಗೆದಿದ್ದರು. ಆಪರೇಷನ್ನಿಗೆ ಮೊದಲು ಅವರು ಮೊಮ್ಮಗಳಿಗೆಂದು ಕತೆ ಹೇಳಿ ರೆಕಾರ್ಡ್ ಮಾಡಿಟ್ಟಿದ್ದ ಡಿಸ್ಕ್ ಈಗ ತೆರೆಯುತ್ತಿರಲಿಲ್ಲ.

"ಬೇರೆ ಕಾಪಿ ಎಂತದೂ ಇಲ್ಲ ಜೆಸಿಂತಾ. ಇವರ ಸ್ವರ ಇರುವುದು ಇದರಲ್ಲಿ ಮಾತ್ರ," ಎಂದರು ಟೀಚರ್. ಮಾಸ್ತರರು ನನ್ನ ಮುಖವನ್ನೇ ನೋಡುತ್ತಿದ್ದರು.

ಡಿಸ್ಕಿನ ನಕಲು ತೆಗೆದು, ಕೆಟ್ಟ ಡಿಸ್ಕಿನ ಫೈಲುಗಳನ್ನು ಸರಿಪಡಿಸುವ ಪ್ರೋಗ್ರಾಂ ಓಡಿಸಿದೆ. ಅರ್ಧದಲ್ಲಿ ಆ ಪ್ರೋಗ್ರಾಮೇ ಕ್ರ್ಯಾಶ್ ಆಗಿ ಬಿತ್ತು. ಮತ್ತೆ ಓಡಿಸಿದರೆ ಮತ್ತೆ ಅಲ್ಲೇ ಬಿತ್ತು. ಮದ್ದು ಕೊಡಬೇಕಾದ ಡಾಕ್ಟರೇ ಬಾಗಿಲಲ್ಲಿ ಬಿದ್ದ ಹಾಗೆ! ಆ ಪ್ರೋಗ್ರಾಂ ಬರೆದವರನ್ನು ಇಂಟರ್ನೆಟ್ಟಿನಲ್ಲಿ ಕೇಳಿದೆ, ಉತ್ತರವಿಲ್ಲ. ಯಾರು ಬೇಕಾದರೂ ತಿದ್ದಬಹುದಾದ ಪ್ರೋಗ್ರಾಂ ಅದು. ಕಣ್ಣು ಉರಿಯುವವರೆಗೆ ಅದರ ಕೋಡ್ ಓದಿ ಒಂದು ಕಡೆ ತಿದ್ದಿದರೆ, ಇನ್ನೂ ಬೇಗ ಬಿತ್ತು. ಸಂತರಿಗೆ ಒಂಬತ್ತು ದಿನದ ನೊವೆನಾ ಪ್ರಾರ್ಥನೆ ಹೇಳಿದೆ. ಏನೂ ಆಗಲಿಲ್ಲ. ಸಂಜೆಯಾದರೆ "ಎಂತಾಯ್ತು?" ಎಂದು ಟೀಚರರ ಫೋನು. ಕೊನೆಗೆ ಎತ್ತುವುದನ್ನೇ ಬಿಟ್ಟೆ.

ಒಂದು ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವಳು ಬ್ಯಾಗ್ ಎಸೆದು ಸಂತರ ಪಟದ ಮುಂದೆ ಕೂಗಿಯೇ ಬಿಟ್ಟೆ: "ಕಳೆದದ್ದನ್ನು ಹುಡುಕಿ ಕೊಡುವವರು ಅಂತ ನಿಮಗೆ ಬರೀ ಹೆಸರಾ?"

ಪಕ್ಕದಲ್ಲಿ ಜಪಸರ ಹಿಡಿದು ಕುಳಿತಿದ್ದ ಅಮ್ಮ ರೇಗಿದರು. "ಸುಮ್ಮನಿರು ಮಾರಾಯ್ತಿ! ಈ ಸರದ ಶಿಲುಬೆ ಬಿದ್ದುಹೋಗಿ ಮೊದಲು ಯಾವುದು, ಕೊನೆ ಯಾವುದು ಗೊತ್ತಾಗುವುದಿಲ್ಲ. ಆಗಿನಿಂದ ಸುತ್ತು ಹಾಕ್ತಾನೇ ಇದ್ದೇನೆ."

ನನ್ನ ಪ್ರೋಗ್ರಾಮೂ ಹೀಗೇ ಸುತ್ತು ಹಾಕ್ತಾ ಇರಬಹುದಾ ಎಂದು ಹೊಳೆಯಿತು. ಊಟ ಬಿಟ್ಟು ಅಂಗಡಿಗೆ ಓಡಿದೆ. ನೋಡಿದರೆ ಆ ಡಿಸ್ಕಿನಲ್ಲಿ ಒಂದು ಫೋಲ್ಡರ್ ತನ್ನೊಳಗೆ ತಾನೇ ಇದೆ ಎಂದು ದಾಖಲಾಗಿತ್ತು. ಪ್ರೋಗ್ರಾಂ ಅದರೊಳಗೆ ಹೋಗಿ, ಮತ್ತೆ ಅದನ್ನೇ ಕಂಡು, ಮತ್ತೆ ಒಳಗೆ ಹೋಗಿ, ಸುತ್ತಿ ಸುತ್ತಿ ಮೆಮೊರಿ ಮುಗಿದು ಬೀಳುತ್ತಿತ್ತು. ಒಮ್ಮೆ ಹೋದಲ್ಲಿಗೆ ಮತ್ತೆ ಹೋಗಬೇಡ ಎಂದು ನಾಲ್ಕು ಸಾಲು ಸೇರಿಸಿದೆ. ಈ ಸಲ ಬೀಳಲಿಲ್ಲ.

ಮರುದಿನ ಇಬ್ಬರನ್ನೂ ಕೂರಿಸಿ ಮೊದಲ ಫೈಲ್ ಹಾಕಿದೆ.

"ಸುಮತೀ, ಇದು ರೆಕಾರ್ಡ್ ಆಗ್ತಾ ಉಂಟಾ? ಆ ಕುಕ್ಕರ್ ಒಮ್ಮೆ ಬಂದ್ ಮಾಡು ಮಾರಾಯ್ತಿ!"

ಟೀಚರ್ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಮಾಸ್ತರರು ಭುಜ ಕುಲುಕುವಂತೆ ಸದ್ದಿಲ್ಲದೆ ನಕ್ಕರು. ಮತ್ತೊಮ್ಮೆ ಹಾಕು ಎಂದು ಬೆರಳು ತೋರಿಸಿದರು.

ನನ್ನ ತಿದ್ದುಪಡಿಯನ್ನು ಪ್ರೋಗ್ರಾಂ ಬರೆದವರಿಗೆ ಕಳಿಸಿದ್ದೇನೆ. ಅವರು ಇನ್ನೂ ಉತ್ತರಿಸಿಲ್ಲ. ಸಂತ ಅಂತೋನಿಯವರೋ, ನನ್ನ ಬೈಗುಳವನ್ನೂ ಪ್ರಾರ್ಥನೆಯೆಂದೇ ಕೇಳಿಸಿಕೊಂಡರು. ಅವರಿಗೆ ಕೈಮುಗಿಯುತ್ತೇನೆ.